ಮಗುವಿಲ್ಲದ ಬಾಣಂತನ

ಆ ಮೇಡಂ ಮೊದಲು ಮಾಡಿದ ಕೆಲಸ ಅಂದರೆ ನಮ್ಮ ಯಜಮಾನರನ್ನೂ ಅಮ್ಮನನ್ನೂ ಹೊರಗೆ ಕೂರಿಸಿದ್ದು. "ಇವರೊಬ್ಬರ ಹತ್ತಿರವೇ ಮಾತಾಡಬೇಕು" ಅಂದರು. "ನಮ್ಮ ಮುಂದೆ ಹೇಳಬಾರದ್ದು ಏನಿರುತ್ತೆ" ಅಂತ ಅಮ್ಮ ಗೊಣಗುತ್ತಲೇ ಎದ್ದಳು. ಬಾಗಿಲು ಮುಚ್ಚಿತು.

ಅದು 2023ರ ಜೂನ್. ಬೆಂಗಳೂರಿನ ಒಂದು ಆಸ್ಪತ್ರೆಯ ಕೌನ್ಸೆಲಿಂಗ್ ರೂಮು. ಊರು ಯಾವುದು, ಮಗ ಎಷ್ಟನೇ ಕ್ಲಾಸು, ದಿನಕ್ಕೆ ಎಷ್ಟು ಬ್ಲೌಸ್ ಹೊಲಿಯುತ್ತೀರಿ ಅಂತೆಲ್ಲ ಕೇಳಿದರು. ಅರಸೀಕೆರೆ ಕಡೆಯವಳು ಅಂದೆ. ಮಗನಿಗೆ 7 ವರ್ಷ ಅಂದೆ. ಮಾತು ಸಲೀಸಾಗಿ ಹೋಗುತ್ತಿತ್ತು. ಆಗ ಕೇಳಿದರು, "ನಿಮ್ಮ ಅಕ್ಕ ಭಾವನಿಗೆ ನೀವು ಏನಾದರೂ ದುಡ್ಡು ಕೊಡೋದಿದೆಯಾ?"

"ಇಲ್ಲ" ಅಂದೆ.

ಸುಳ್ಳು. 2 ಲಕ್ಷ ಕೊಡಬೇಕಿತ್ತು. 2021ರಲ್ಲಿ ತೆಂಗಿನ ತೋಟ ಒಣಗುವ ಹಾಗಾದಾಗ ಬೋರ್‌ವೆಲ್ ಕೊರೆಸಲು ಭಾವ ಕೊಟ್ಟಿದ್ದ ದುಡ್ಡು. ಎರಡು ಕಡೆ ಬರೀ ಧೂಳು ಎದ್ದಿತ್ತು, ಮೂರನೇ ಕಡೆ ನೀರು ಬಿತ್ತು. ಕೊಟ್ಟ ಮೇಲೆ ಭಾವ ಒಂದು ದಿನವೂ ಅದರ ಮಾತೆತ್ತಿರಲಿಲ್ಲ. ಅದೇ ಕಷ್ಟ. ಕೇಳಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು.

ಮೇಡಂ ನನ್ನ ಮುಖವನ್ನೇ ನೋಡುತ್ತಾ ಕೂತರು. ನನಗೆ ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ.

ನಾನು ಅಕ್ಕನ ಮಗುವನ್ನು ಹೊತ್ತವಳು. ಪೇಪರಿನವರು ಇದಕ್ಕೆ ಬಾಡಿಗೆ ತಾಯ್ತನ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಸರೊಗಸಿ ಅನ್ನುತ್ತಾರೆ. ನನಗೆ ಎರಡನೆಯದೇ ವಾಸಿ. ಯಾಕೆಂದರೆ ನಮ್ಮ ದೇಶದ ಕಾನೂನಿನಲ್ಲಿ ಬಾಡಿಗೆ ಅನ್ನುವುದೇ ಇಲ್ಲ. ಸರೊಗಸಿ ಕಾಯ್ದೆ ಆಗಿದ್ದು 2021ರಲ್ಲಿ, ಜಾರಿಗೆ ಬಂದದ್ದು 2022ರ ಜನವರಿ 25ಕ್ಕೆ. ಅದರ ಪ್ರಕಾರ ಹೊರುವವಳಿಗೆ ಆಸ್ಪತ್ರೆ ಖರ್ಚು, ಇನ್ಶೂರೆನ್ಸ್, ನಿಯಮದಲ್ಲಿ ಹೇಳಿದ ಇನ್ನೊಂದಿಷ್ಟು ಖರ್ಚು ಬಿಟ್ಟು ಒಂದು ಪೈಸೆ ಕೊಡುವ ಹಾಗಿಲ್ಲ. ಕೊಟ್ಟು ಮಾಡಿಸಿಕೊಳ್ಳಲು ಹೊರಟ ದಂಪತಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ದಂಧೆ ನಡೆಸುವವರಿಗೆ 10 ವರ್ಷದವರೆಗೆ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಬಾಡಿಗೆ ಮನೆಗಾದರೂ ಅಡ್ವಾನ್ಸ್ ಅಂತ ಕೊಡ್ತಾರಲ್ಲೇ" ಅಂದಿತು.

ಅಕ್ಕನ ಕಥೆ ಚಿಕ್ಕದು. 2020ರಲ್ಲಿ ಅವಳ ಮೊದಲ ಹೆರಿಗೆ. ಕಸ, ಅಂದರೆ ಮಗುವಿನ ಹಿಂದೆ ಹೊರಬರಬೇಕಾದ ಮಾಸು, ಗರ್ಭಕೋಶಕ್ಕೇ ಕಚ್ಚಿಕೊಂಡಿತ್ತು, ರಕ್ತ ನಿಲ್ಲಲಿಲ್ಲ. ಅವಳನ್ನು ಉಳಿಸಲು ಗರ್ಭಕೋಶ ತೆಗೆದರು. ಮಗು ಉಳಿಯಲಿಲ್ಲ. ಅಂಡಾಶಯ ಮಾತ್ರ ಚೆನ್ನಾಗಿತ್ತು. ಅಂದರೆ ಮೊಟ್ಟೆ ಅವಳದು, ವೀರ್ಯ ಭಾವನದು, ಬೆಳೆಸಲು ಜಾಗ ಮಾತ್ರ ಬೇಕು.

ಆ ಜಾಗದ ಮಾತು ಮೊದಲು ಬಂದದ್ದು 2022ರ ಗೌರಿ ಹಬ್ಬದ ಹಿಂದಿನ ರಾತ್ರಿ. ತವರಲ್ಲಿ ಅಮ್ಮ ಬಾಗಿನದ ಮೊರ ಜೋಡಿಸುತ್ತಿದ್ದಳು. ನಾನು ಬಳೆ ಬಿಚ್ಚೋಲೆ ಎಣಿಸಿ ಕೊಡುತ್ತಿದ್ದೆ. "ನೀನಾದರೆ ಒಂದು ಸಲ ಹೆತ್ತಿದ್ದೀಯ, ಗಟ್ಟಿ ಇದ್ದೀಯ" ಅಂದಳು. ಅಷ್ಟೇ. ಇನ್ನೇನೂ ಹೇಳಲಿಲ್ಲ. ಅಕ್ಕ ಪಕ್ಕದ ರೂಮಿನಲ್ಲಿ ಮಲಗಿದ್ದಳು, ನಿದ್ದೆ ಮಾಡಿರಲಿಲ್ಲ ಅಂತ ನನಗೆ ಗೊತ್ತು.

ಆರು ತಿಂಗಳು ಯಾರೂ ನನ್ನನ್ನು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಫೋನು ಜಾಸ್ತಿ ಆಯಿತು. ಮಗನಿಗೆ ಶೂ ಬಂತು, ಸೈಕಲ್ ಬಂತು. ಕೊನೆಗೆ "ಆಗಲಿ" ಅಂದವಳು ನಾನೇ. ಅಕ್ಕ ಅಂದರೆ ನನಗೆ ಪ್ರಾಣ, ಅದು ಸುಳ್ಳಲ್ಲ. ಆದರೆ "ಆಗಲ್ಲ" ಅಂದಿದ್ದರೆ ಮುಂದಿನ ಗೌರಿ ಹಬ್ಬಕ್ಕೆ ಯಾವ ಮುಖ ಹೊತ್ತು ತವರಿಗೆ ಹೋಗುತ್ತಿದ್ದೆ? ಅದೂ ಸುಳ್ಳಲ್ಲ.

ಮೇಡಂಗೆ ಸಾಲದ ವಿಷಯ ಹೇಳಿದೆ. ಅವರು ಬೈಯಲಿಲ್ಲ. "ನಿಮ್ಮ ಫೈಲಿಗೆ ಇವತ್ತು ಸಹಿ ಹಾಕಲ್ಲ. ಮನೆಗೆ ಹೋಗಿ. ಹದಿನೈದು ದಿನ ಬಿಟ್ಟು ಬನ್ನಿ. ಬೇಡ ಅನ್ನಿಸಿದರೆ ಬರಬೇಡಿ, ಪರೀಕ್ಷೆಯಲ್ಲಿ ಸರಿಹೋಗಲಿಲ್ಲ ಅಂತ ನಾನೇ ಬರೀತೀನಿ. ಯಾರಿಗೂ ಕಾರಣ ಗೊತ್ತಾಗಲ್ಲ" ಅಂದರು. ಅವರು ಹಾಗೆ ಬರೆಯುವುದು ಸರಿಯೋ ತಪ್ಪೋ ನನಗೆ ಬೇಡ. ಒಂಬತ್ತು ತಿಂಗಳಿಂದ ನನಗೆ ಯಾರೂ ತೋರಿಸದ ಒಂದು ಬಾಗಿಲನ್ನು ಆ ಯಮ್ಮ ತೋರಿಸಿದರು.

ರೈಲಿನಲ್ಲಿ ಬರುತ್ತಾ ತಿಪಟೂರು ದಾಟುವವರೆಗೆ ನಾನು ಮಾತಾಡಲಿಲ್ಲ. ಆಮೇಲೆ ಯಜಮಾನರಿಗೆ ಹೇಳಿದೆ: "ಮಗು ಹೊರುತ್ತೀನಿ. ಆದರೆ ಮೊದಲು ಸಾಲದ ಲೆಕ್ಕ ಆಗಬೇಕು. ತಿಂಗಳಿಗೆ 5 ಸಾವಿರದ ಹಾಗೆ ಬ್ಯಾಂಕಿನ ಮೂಲಕವೇ ಕಟ್ಟಬೇಕು. ಹೊಟ್ಟೆ ಬಂದರೂ ಕಟ್ಟಬೇಕು, ಹೆರಿಗೆ ತಿಂಗಳಲ್ಲೂ ಕಟ್ಟಬೇಕು." ಅವರಿಗೆ ಅರ್ಥ ಆಗಲಿಲ್ಲ. "ಭಾವ ಬೇಡ ಅಂತಾರೆ" ಅಂದರು. ಬೇಡ ಅಂತಾರೆ ಅನ್ನುವುದೇ ನನ್ನ ಹೆದರಿಕೆಯಾಗಿತ್ತು.

ಭಾವ ಹಾಗೇ ಅಂದರು. "ಮನೆಯವರ ಮಧ್ಯೆ ಏನು ಲೆಕ್ಕ, ಅದನ್ನು ಮರೆತುಬಿಡಿ" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವರ ವಕೀಲರೇ ತಡೆದರು. "ಸಾಲ ಮನ್ನಾ ಮಾಡಿದರೆ ಅದೂ ದುಡ್ಡು ಕೊಟ್ಟ ಹಾಗೇ ಲೆಕ್ಕ ಸಾರ್. ನಾಳೆ ಯಾರಾದರೂ ಕೇಳಿದರೆ ನೀವು ಒಳಗೆ" ಅಂದರು. ಕಾಯ್ದೆಯಲ್ಲಿರುವ ಇನ್ನೊಂದು ಮಾತನ್ನೂ ಅವರು ಓದಿ ಹೇಳಿದರು. ಕಾನೂನು ಮೀರಿ ಸರೊಗಸಿ ನಡೆದರೆ, ಆ ಹೆಂಗಸನ್ನು ಗಂಡನೋ, ಮಗು ಬೇಕಾದ ದಂಪತಿಯೋ, ಸಂಬಂಧಿಕರೋ ಒತ್ತಾಯ ಮಾಡಿದ್ದಾರೆ ಅಂತಲೇ ಕೋರ್ಟು ತಿಳಿಯಬೇಕಂತೆ. ಇಲ್ಲ ಅಂತ ತೋರಿಸುವ ಹೊಣೆ ಅವರದ್ದೇ ಅಂತೆ. ಒತ್ತಾಯ ಎಲ್ಲಿಂದ ಬರುತ್ತದೆ ಅಂತ ಆ ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸಿತು. ಆದರೆ ಮೊರ ಜೋಡಿಸುತ್ತಾ ಅಮ್ಮ ಹೇಳಿದ ಒಂದು ಸಾಲನ್ನು ಯಾವ ಕಾಯ್ದೆ ಹಿಡಿಯುತ್ತೆ?

2023ರ ಜುಲೈ 5ಕ್ಕೆ ಮೊದಲ ಕಂತು ಹೋಯಿತು. ಅದಾದ ಮೇಲೆ ನಾನು ಮೇಡಂ ಹತ್ತಿರ ವಾಪಸ್ ಹೋದೆ.

ಮುಂದಿನದೆಲ್ಲ ಕಾಗದದ ಓಡಾಟ. ಎಲ್ಲ ಬರೆದರೆ ನೀವು ಓದಲಾರಿರಿ, ಮುಖ್ಯವಾದದ್ದಷ್ಟೇ ಹೇಳುತ್ತೇನೆ. ಅಕ್ಕನಿಗೆ ನಿಜವಾಗಿಯೂ ಬೇರೆ ದಾರಿ ಇಲ್ಲ ಅಂತ ಜಿಲ್ಲಾ ವೈದ್ಯಕೀಯ ಮಂಡಳಿ ಬರೆದುಕೊಡಬೇಕು. ಆಪರೇಷನ್ನಿನ ಹಳೆಯ ಫೈಲು ಇದ್ದದ್ದರಿಂದ ಅದು ಸಲೀಸಾಯಿತು. ಅಕ್ಕ ಭಾವನಿಗೆ ಒಂದು ಅರ್ಹತಾ ಪತ್ರ: ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವಯಸ್ಸಿನ ಒಳಗಿರಬೇಕು, ಬದುಕಿರುವ ಮಗು ಇರಬಾರದು. (ಮಗುವಿಗೆ ಅಂಗವೈಕಲ್ಯವೋ ಪ್ರಾಣಕ್ಕೆ ಕುತ್ತಾಗುವ ಕಾಯಿಲೆಯೋ ಇದ್ದರೆ ಬೇರೆ ಮಾತು.) ನನಗೆ ಇನ್ನೊಂದು: ಮದುವೆ ಆಗಿರಬೇಕು, ಸ್ವಂತ ಮಗು ಇರಬೇಕು, ವಯಸ್ಸು 25ರಿಂದ 35, ದೇಹ ಮನಸ್ಸು ಎರಡೂ ಸರಿ ಇರಬೇಕು. ಜೀವನದಲ್ಲಿ ಒಂದೇ ಸಲ ಸರೊಗಸಿ ಮಾಡಬಹುದು, ಅದಕ್ಕೂ ಮೂರು ಪ್ರಯತ್ನ ಮಾತ್ರ. ಹೊರುವವಳ ಮೊಟ್ಟೆ ಬಳಸುವಂತಿಲ್ಲ. ನನಗೆ ಆಗ 31.

ಎಲ್ಲ ಕಡೆಯೂ ಒಂದೇ ಮಾತು: "ಇವರ ಯಜಮಾನರು ಎಲ್ಲಿ?" ನಾನು ಎದುರಿಗೇ ನಿಂತಿದ್ದರೂ ಪ್ರಶ್ನೆ ಅವರಿಗೆ. "ಇವರಿಗೆ ಶುಗರ್ ಇದೆಯಾ?" ಅಂತ ಒಬ್ಬರು ನಮ್ಮ ಯಜಮಾನರನ್ನು ಕೇಳಿದರು. ಅವರು ನನ್ನ ಕಡೆ ತಿರುಗಿ "ಇದೆಯೇನೇ?" ಅಂದರು.

ಸಂಬಂಧಿಕರೇ ಹೊರಬೇಕು ಅಂತ ಈಗಿನ ಕಾಯ್ದೆಯಲ್ಲಿ ಇಲ್ಲ. 2019ರ ಮಸೂದೆಯಲ್ಲಿ ಹತ್ತಿರದ ಸಂಬಂಧಿಯೇ ಆಗಬೇಕು ಅಂತ ಇತ್ತು. ಕಾಯ್ದೆ ಆಗುವ ಹೊತ್ತಿಗೆ ಅದು "ಇಷ್ಟವಿರುವ ಹೆಂಗಸು" ಅಂತ ಬದಲಾಯಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ದುಡ್ಡೂ ಇಲ್ಲದೆ, ನಂಟೂ ಇಲ್ಲದೆ ಯಾರು ಬಂದು ಒಂಬತ್ತು ತಿಂಗಳು ಹೊರುತ್ತಾರೆ ಹೇಳಿ? ಸುತ್ತಿ ಬಳಸಿ ತಂಗಿ, ನಾದಿನಿ, ಓರಗಿತ್ತಿಯ ತಲೆಗೇ ಬರುತ್ತದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕಾದು ಎಷ್ಟೋ ಜನ ಪರಿಚಯ ಆದರು. ಹಾವೇರಿ ಕಡೆಯ ಒಬ್ಬರಿಗೆ ಗರ್ಭಕೋಶವೂ ಸರಿ ಇರಲಿಲ್ಲ, ಮೊಟ್ಟೆಯೂ ಆಗುತ್ತಿರಲಿಲ್ಲ. ಬೇರೆಯವರ ಮೊಟ್ಟೆ ಬಳಸೋಣ ಅಂತ ಹೊರಟಿದ್ದರು. 2023ರ ಮಾರ್ಚ್‌ನಲ್ಲಿ ನಿಯಮ ಬದಲಾಯಿತು, ಎರಡೂ ದಂಪತಿಯದ್ದೇ ಆಗಿರಬೇಕು ಅಂತ. ಪಾಪ ಅವರು ಅಲ್ಲೇ ನಿಂತರು. 2024ರ ಫೆಬ್ರವರಿಯಲ್ಲಿ ಮತ್ತೆ ಬದಲಾಯಿತು, ಗಂಡನಿಗೋ ಹೆಂಡತಿಗೋ ಕಾಯಿಲೆ ಇದೆ ಅಂತ ಜಿಲ್ಲಾ ಮಂಡಳಿ ಬರೆದುಕೊಟ್ಟರೆ ಒಂದು ಕಡೆಯದನ್ನು ಹೊರಗಿನಿಂದ ತರಬಹುದು ಅಂತ. ಇನ್ನೊಬ್ಬರು ಕಾಯ್ದೆ ಬರುವ ಮೊದಲೇ ಭ್ರೂಣ ಫ್ರೀಜ್ ಮಾಡಿಸಿ ಇಟ್ಟಿದ್ದವರು. ಕೊರೊನಾದಲ್ಲಿ ಎರಡು ವರ್ಷ ಹೋಯಿತು, ಅಷ್ಟರಲ್ಲಿ ಕಾಯ್ದೆ ಬಂತು, ಆಕೆಗೆ 51 ಆಗಿಹೋಗಿತ್ತು. ಅಂಥವರಿಗೆ ವಯಸ್ಸಿನ ಮಿತಿ ಹಾಕುವಂತಿಲ್ಲ ಅಂತ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ನನಗೆ ಮೊದಲು ನೆನಪಾದದ್ದು ಆಕೆಯ ಟಿಫನ್ ಡಬ್ಬಿ. ದಿನಾ ಚಿತ್ರಾನ್ನ ತಂದು ನನಗೂ ಕೊಡುತ್ತಿದ್ದರು.

ಕೋರ್ಟಿನ ಕೆಲಸವೇ ಜಾಸ್ತಿ ಹಿಡಿಯಿತು. ಮಗು ಯಾರದು ಅಂತ ಮ್ಯಾಜಿಸ್ಟ್ರೇಟ್ ಮೊದಲೇ ಆದೇಶ ಕೊಡಬೇಕು. ಅಂದರೆ ಮಗು ಹೊಟ್ಟೆಗೆ ಬರುವ ಮುಂಚೆಯೇ. ನಾಲ್ಕು ಸಲ ದಿನಾಂಕ ಮುಂದಕ್ಕೆ ಹೋಯಿತು. ಪ್ರತಿಸಲ ನಾನು ಬೆಳಗಿನ ಜಾವದ ರೈಲು ಹಿಡಿದು ಹೋಗಿ, ರಾತ್ರಿ ಬಂದು, ಉಳಿದ ಬ್ಲೌಸ್ ಹೊಲಿದೆ.

ವಕೀಲರ ಹತ್ತಿರ ಒಂದು ಸಲ ಕೇಳಿಯೇಬಿಟ್ಟೆ. "ನಾಳೆ ಅಕ್ಕ ಭಾವ ಬೇರೆ ಆದರೆ? ಮಗುವಿಗೆ ಏನಾದರೂ ಊನ ಇದ್ದರೆ? ಅವರು ಬೇಡ ಅಂದರೆ ಅದು ಯಾರ ಮಗು?" ಅಕ್ಕ ಪಕ್ಕದಲ್ಲೇ ಇದ್ದಳು, ಮುಖ ಸಣ್ಣ ಮಾಡಿಕೊಂಡಳು. ವಕೀಲರು ಮಾತ್ರ "ಸರಿಯಾದ ಪ್ರಶ್ನೆ" ಅಂದರು. 2008ರಲ್ಲಿ ಗುಜರಾತಿನ ಆನಂದ್‌ನಲ್ಲಿ ಹುಟ್ಟಿದ ಮಾಂಜಿ ಅನ್ನುವ ಮಗುವಿನ ಕಥೆ ಹೇಳಿದರು. ಜಪಾನಿನ ದಂಪತಿ ಅಲ್ಲಿಗೆ ಬಂದು ಸರೊಗಸಿ ಮಾಡಿಸಿದ್ದರು. ಮಗು ಹುಟ್ಟುವ ಮೊದಲೇ ಅವರು ಬೇರೆಯಾದರು. ಹೆಂಡತಿ ಆದವಳಿಗೆ ಮಗು ಬೇಡವಾಯಿತು. ಅಪ್ಪನಿಗೆ ಬೇಕಿತ್ತು, ಆದರೆ ಕರೆದುಕೊಂಡು ಹೋಗಲು ಕಾಗದ ಇಲ್ಲ. ಕೊನೆಗೆ ಅಜ್ಜಿ ಜಪಾನಿನಿಂದ ಬಂದು ಕೂತು, ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, ತಿಂಗಳುಗಟ್ಟಲೆ ಆದ ಮೇಲೆ ಮಗು ಆ ದೇಶಕ್ಕೆ ಹೋಯಿತು. ಆಗ ನಮ್ಮಲ್ಲಿ ಇದಕ್ಕೆ ಕಾಯ್ದೆಯೇ ಇರಲಿಲ್ಲ. ವಿದೇಶದವರಿಗೆ ಇದನ್ನು ಪೂರ್ತಿ ನಿಲ್ಲಿಸಿದ್ದು 2015ರಲ್ಲಿ.

"ಈಗ ಹಾಗಾಗಲ್ಲ ಅಮ್ಮಾ. ಮಗು ಗಂಡಾಗಲಿ ಹೆಣ್ಣಾಗಲಿ, ಊನ ಇರಲಿ, ಅವಳಿ ಆಗಲಿ, ಬೇಡ ಅನ್ನೋ ಹಾಗಿಲ್ಲ. ಬಿಟ್ಟರೆ 10 ವರ್ಷದವರೆಗೆ ಜೈಲು. ಹುಟ್ಟಿದ ಗಳಿಗೆಯಿಂದ ಅದು ಇವರ ಸ್ವಂತ ಮಗು, ಆಸ್ತಿ ಹಕ್ಕೂ ಸೇರಿ ಎಲ್ಲಾನೂ ಇದೆ" ಅಂದರು. ಅಕ್ಕ ಅವತ್ತು ರಾತ್ರಿ ಊಟ ಮಾಡಲಿಲ್ಲವಂತೆ. ತಂಗಿ ತನ್ನನ್ನು ನಂಬಲಿಲ್ಲ ಅಂತ. ನನಗೆ ಬೇಜಾರಾಯಿತು, ಆದರೆ ಕೇಳಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಆ ಮಗುವಿನ ಪರವಾಗಿ ಆಗ ಕೇಳಲು ಇದ್ದವಳು ನಾನೊಬ್ಬಳೇ ಅಲ್ವಾ.

ಕೋರ್ಟಿನಲ್ಲಿ ನ್ಯಾಯಾಧೀಶರು ಕನ್ನಡದಲ್ಲೇ ಕೇಳಿದರು. "ಮಗು ಹುಟ್ಟಿದ ಮೇಲೆ ನಿಮಗೆ ಅದರ ಮೇಲೆ ಹಕ್ಕಿರಲ್ಲ. ಗೊತ್ತಾ?" ಗೊತ್ತು ಸ್ವಾಮಿ ಅಂದೆ. ಅವರು ಕನ್ನಡಕ ಮೇಲೆ ಮಾಡಿ ಇನ್ನೊಂದು ಸಲ ನೋಡಿದರು. ನವೆಂಬರ್‌ನಲ್ಲಿ ಆದೇಶ ಬಂತು.

ಇನ್ಶೂರೆನ್ಸು 36 ತಿಂಗಳದ್ದು ಇರಬೇಕು, ಹೊರುವವಳ ಹೆಸರಿಗೆ. ಭಾವ ಅದಕ್ಕೆ ಅಲೆದದ್ದು ನೋಡಿ ಪಾಪ ಅನ್ನಿಸಿತು. ಇದರ ಬೆಲೆ ನನಗೆ ಆಮೇಲೆ ಗೊತ್ತಾಯಿತು, ಹೇಳುತ್ತೇನೆ.

ಒಪ್ಪಿಗೆ ಪತ್ರದ ದಿನ ಒಂದು ಸಣ್ಣ ಜಗಳ ಆಯಿತು. ನರ್ಸು ತಂದದ್ದು ಇಂಗ್ಲಿಷಿನಲ್ಲಿತ್ತು. "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ" ಅಂದರು. ಕೌನ್ಸೆಲಿಂಗ್ ಮೇಡಂ ನನಗೆ ಮೊದಲೇ ಹೇಳಿದ್ದರು, ನನಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತ ಕಾಯ್ದೆಯಲ್ಲಿದೆ ಅಂತ. ನಾನು ಪೆನ್ನು ಕೆಳಗಿಟ್ಟೆ. ಅರ್ಧ ದಿನ ಹೋಯಿತು. ಭಾವ ಎರಡು ಸಲ ಗಡಿಯಾರ ನೋಡಿಕೊಂಡರು. ಮಧ್ಯಾಹ್ನ ಕನ್ನಡದ್ದು ಬಂತು. ಓದಿದರೆ ಅದರಲ್ಲಿ ನನಗೆ ಬೇಕಾದ ಒಂದು ಸಾಲಿತ್ತು: ಭ್ರೂಣವನ್ನು ಗರ್ಭಕೋಶಕ್ಕೆ ಇಡುವ ಮೊದಲು ಯಾವಾಗ ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಅದನ್ನು ಎರಡು ಸಲ ಓದಿ ಸಹಿ ಹಾಕಿದೆ.

2024ರ ಫೆಬ್ರವರಿಯಲ್ಲಿ ಮೊದಲ ಸಲ ಭ್ರೂಣ ಇಟ್ಟರು. ನಿಲ್ಲಲಿಲ್ಲ. ಹದಿನಾಲ್ಕನೇ ದಿನದ ರಕ್ತ ಪರೀಕ್ಷೆ ನೋಡಿ ಅಕ್ಕ ಫೋನಿನಲ್ಲಿ ಏನೂ ಮಾತಾಡದೆ ಇಟ್ಟುಬಿಟ್ಟಳು. ನನ್ನದೇ ಏನೋ ತಪ್ಪು ಅನ್ನುವ ಹಾಗೆ ಅಮ್ಮ "ಭಾರ ಎತ್ತಿದೆಯಾ, ಮಿಷನ್ ತುಳಿದೆಯಾ" ಅಂತ ಕೇಳಿದಳು. ಮೇ ತಿಂಗಳಲ್ಲಿ ಎರಡನೇ ಸಲ ನಿಂತಿತು. ಗರ್ಭ ಉಳಿಯಲು ಪ್ರೊಜೆಸ್ಟರಾನ್ ಅನ್ನುವ ಇಂಜೆಕ್ಷನ್ ದಿನಾ, ಹನ್ನೆರಡು ವಾರ. ಎಣ್ಣೆಯ ಇಂಜೆಕ್ಷನ್ ಅದು, ಸೊಂಟದ ಕೆಳಗೆ ಎರಡೂ ಕಡೆ ಗಂಟು ಗಂಟು. ಅತ್ತೆ ಉಪ್ಪಿನ ಶಾಖ ಕೊಡುತ್ತಿದ್ದರು. ಈ ಕೆಲಸಕ್ಕೆ ಮೊದಲಿನಿಂದ ವಿರೋಧ ಇದ್ದವರು ಅವರೊಬ್ಬರೇ. "ನಿನ್ನ ಹೊಟ್ಟೆ, ನಿನ್ನಿಷ್ಟ. ನನಗೆ ಸರಿಕಾಣಲ್ಲ" ಅಂತ ನೇರವಾಗಿ ಹೇಳಿದ್ದರು. ಹೇಳಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದರು.

ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿನ ಹೃದಯದಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಸಾಮಾನ್ಯವಾಗಿ ಏನೂ ಇರಲ್ಲ, ಆದರೂ ಇನ್ನೊಂದು ಪರೀಕ್ಷೆ ಮಾಡೋಣ ಅಂದರು ಡಾಕ್ಟರು. ಭಾವ ಗಾಬರಿ ಬಿದ್ದರು. "ಅಕಸ್ಮಾತ್ ಏನಾದರೂ ಇದ್ದರೆ ತೆಗೆಸೋದಕ್ಕೆ ಎಷ್ಟು ದಿನ ಟೈಮಿದೆ?" ಅಂತ ಕೇಳಿದರು. ನಾನು ಇನ್ನೂ ಮಂಚದ ಮೇಲೇ ಇದ್ದೆ, ಹೊಟ್ಟೆಯ ಮೇಲೆ ಜೆಲ್ ಒರೆಸಿರಲಿಲ್ಲ. ಡಾಕ್ಟರು ನನ್ನನ್ನು ತೋರಿಸಿ, "ಅದಕ್ಕೆ ಇವರು ಬರೆದುಕೊಡಬೇಕು, ಸರೊಗಸಿ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ ಒಪ್ಪಬೇಕು. ನೀವು ಹೇಳಿದರೆ ಆಗಲ್ಲ" ಅಂದರು. ರೂಮು ತಣ್ಣಗಾಯಿತು. ಇಷ್ಟು ದಿನದ ಓಡಾಟದಲ್ಲಿ ಮೊದಲ ಸಲ ಎಲ್ಲರೂ ಒಟ್ಟಿಗೆ ನನ್ನ ಕಡೆ ನೋಡಿದ್ದು ಆಗ. ಮುಂದಿನ ವಾರದ ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಅಂತ ಬಂತು. ಆ ಒಂದು ವಾರ ಭಾವನ ಜೊತೆ ಯಾರೂ ಮಾತಾಡಲಿಲ್ಲ, ಅಕ್ಕನೂ ಕೂಡ.

ಏಳನೇ ತಿಂಗಳಿಂದ ಬೆಂಗಳೂರಿನಲ್ಲಿ ಅಕ್ಕನ ಮನೆ. ಹೂವಿನ ಹಾಗೆ ನೋಡಿಕೊಂಡಳು, ಅದೇ ತೊಂದರೆ. ಬಾದಾಮಿ ಎಣಿಸಿ ಕೊಡುವುದು, ಹುಣಸೆಹಣ್ಣು ಬಚ್ಚಿಡುವುದು, ಮೆಟ್ಟಿಲು ಇಳಿದರೆ ಹಿಂದೆಯೇ ಬರುವುದು. ಮಗನ ಸ್ಕೂಲ್ ಡೇಗೆ ಊರಿಗೆ ಹೋಗುತ್ತೇನೆ ಅಂದಾಗ "ಈಗ ಬೇಡ ಕಣೇ, ರೈಲು ಕುಲುಕುತ್ತೆ" ಅಂದಳು. ನಾನು ರೇಗಿದೆ. "ಹೊಟ್ಟೆಯಲ್ಲಿರೋದು ನಿನ್ನ ಮಗು. ಹೊಟ್ಟೆ ನನ್ನದು. ಊರಲ್ಲಿರೋ ಮಗನೂ ನನ್ನವನು" ಅಂದೆ. ಅವಳು ಅತ್ತಳು. ನಾನೂ ಅತ್ತೆ. ಕೊನೆಗೆ ಇಬ್ಬರೂ ಕಾರಿನಲ್ಲಿ ಹೋದೆವು. ಮಗ ಕೆಂಪೇಗೌಡನ ವೇಷ ಹಾಕಿದ್ದ. ನನ್ನ ಹೊಟ್ಟೆ ಮುಟ್ಟಿ ಸ್ನೇಹಿತರಿಗೆಲ್ಲ, "ಇದರಲ್ಲಿರೋದು ನಮ್ಮ ದೊಡ್ಡಮ್ಮನ ಪಾಪು, ನಮ್ಮಮ್ಮ ಸುಮ್ನೆ ಇಟ್ಕೊಂಡಿದಾರೆ ಅಷ್ಟೇ" ಅಂತ ಹೇಳಿದ. ಮಕ್ಕಳು ಯಾರೂ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ದೊಡ್ಡವರೇ ಗುಸುಗುಸು ಅಂದರು, "ಎಷ್ಟು ಕೊಟ್ಟರಂತೆ?"

2025ರ ಸಂಕ್ರಾಂತಿ ಮುಗಿದ ಮೂರನೇ ದಿನ ಸಿಸೇರಿಯನ್ ಆಯಿತು. ಹೆಣ್ಣು ಮಗು. 2 ಕೆಜಿ 900 ಗ್ರಾಂ. ಅಳುವುದು ಕೇಳಿಸಿತು. ಅಕ್ಕನ ಅಳುವೂ ಕೇಳಿಸಿತು, ಅದೇ ಜೋರಾಗಿತ್ತು. ನರ್ಸು ಮಗುವನ್ನು ನನ್ನ ಮುಖದ ಹತ್ತಿರ ತರಲೋ ಬೇಡವೋ ಅಂತ ಒಂದು ಗಳಿಗೆ ನಿಂತರು. "ತನ್ನಿ" ಅಂದೆ. ಮೂಗು ಥೇಟ್ ಭಾವನದು. "ನಾನು ನಿನ್ನ ಚಿಕ್ಕಮ್ಮ" ಅಂದೆ. ಇದನ್ನು ತಿಂಗಳುಗಟ್ಟಲೆ ಮನಸ್ಸಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ.

ಜನನ ಪ್ರಮಾಣಪತ್ರದಲ್ಲಿ ತಾಯಿ ಅಂತ ಅಕ್ಕನ ಹೆಸರಿದೆ. ಅದೇ ಸರಿ.

ಆದರೆ ದೇಹಕ್ಕೆ ಯಾವ ಕೋರ್ಟಿನ ಆದೇಶವೂ ತಲುಪಿರಲಿಲ್ಲ. ಮೂರನೇ ದಿನ ಹಾಲು ಬಂತು. ರವಿಕೆ ಒದ್ದೆ. ಪಕ್ಕದ ವಾರ್ಡಿನಲ್ಲಿ ಯಾವ ಮಗು ಅತ್ತರೂ ಎದೆ ಬಿಗಿಯುತ್ತಿತ್ತು. ಏನು ಮಾಡೋಣ ಅಂತ ಡಾಕ್ಟರು ನನ್ನನ್ನೇ ಕೇಳಿದರು. ಹತ್ತು ದಿನ ಹಿಂಡಿ ಕೊಡುತ್ತೇನೆ, ಆಮೇಲೆ ನಿಲ್ಲಿಸಿ ಅಂದೆ. ಅಕ್ಕನಿಗೆ ಅದು ಬೇಕೂ ಇತ್ತು, ಬೇಡವೂ ಇತ್ತು. ಮುಖದಲ್ಲಿ ಕಾಣುತ್ತಿತ್ತು. ಹತ್ತು ದಿನ ಪಂಪಿನಿಂದ ಬಾಟಲಿಗೆ ಹೋಯಿತು. ಆಮೇಲೆ ಮಾತ್ರೆ ನುಂಗಿದೆ, ಜೊತೆಗೆ ಅತ್ತೆ ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದರು. ಹಾಲು ಬತ್ತಲು ನಮ್ಮ ಕಡೆ ಹಾಗೇ ಮಾಡುವುದು. ಇಡೀ ರಾತ್ರಿ ಮಲ್ಲಿಗೆ ವಾಸನೆ. ಈಗಲೂ ಮದುವೆ ಮನೆಗಳಲ್ಲಿ ಮಲ್ಲಿಗೆ ದಂಡೆ ಕೊಟ್ಟರೆ ನಾನು ಮುಡಿಯುವುದಿಲ್ಲ, ಕೈಯಲ್ಲಿ ಹಿಡಿದುಕೊಂಡಿರುತ್ತೇನೆ.

ಬಾಣಂತನ ಯಾರು ಮಾಡುವುದು ಅಂತ ಯಾರೂ ಯೋಚಿಸಿಯೇ ಇರಲಿಲ್ಲ ನೋಡಿ. ಇಷ್ಟೊಂದು ಕಾಗದ ಮಾಡಿಸಿದೆವು, ಇದೊಂದು ಯಾರ ತಲೆಗೂ ಬರಲಿಲ್ಲ. ಬಾಣಂತನ ತವರಿನದು. ಆದರೆ ಅಮ್ಮ ಒಬ್ಬಳೇ, ಮಗು ಅಕ್ಕನ ಮನೆಯಲ್ಲಿ, ಹೊಟ್ಟೆ ಕೊಯ್ಸಿಕೊಂಡವಳು ನಾನು. ಅಮ್ಮ ಮಗುವಿನ ಕಡೆ ಹೋದಳು. ಅದಕ್ಕೆ ಸ್ನಾನ ಮಾಡಿಸಲು ಅಕ್ಕನಿಗೆ ಬರುತ್ತಿರಲಿಲ್ಲ, ನಿಜ. ಆದರೂ ನನಗೆ ಚುಚ್ಚಿತು. ಅತ್ತೆ ಆಸ್ಪತ್ರೆಗೇ ಬಂದು ನನ್ನ ಬಟ್ಟೆ ಚೀಲಕ್ಕೆ ತುಂಬಿಕೊಂಡು "ನಡಿ ಮನೆಗೆ" ಅಂದರು. ಎಣ್ಣೆ ಸ್ನಾನ, ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದು ತುಪ್ಪ ಹಾಕಿದ ಅನ್ನ, ಸೊಂಟಕ್ಕೆ ಬಟ್ಟೆ ಬಿಗಿಯುವುದು, ಯಾವುದನ್ನೂ ಬಿಡಲಿಲ್ಲ. ಮಗುವಿಗೆ ಹಾಕುವ ಸಾಂಬ್ರಾಣಿ ಹೊಗೆಯನ್ನೂ ಹಾಕಿದರು, ಖಾಲಿ ರೂಮಿಗೆ. ಬೀದಿಯವರು ಬಾಣಂತಿ ನೋಡಲು ಬಂದು ತೊಟ್ಟಿಲು ಹುಡುಕುತ್ತಿದ್ದರು. ಅತ್ತೆ ಅವರ ಕೈಗೆ ಕಾಫಿ ಕೊಟ್ಟು, "ಹೆತ್ತ ಮೈ ಹೆತ್ತದ್ದೇ ಕಣ್ರಮ್ಮಾ" ಅಂದು ಕಳಿಸುತ್ತಿದ್ದರು.

ನಾಲ್ಕನೇ ವಾರ ಹೊಲಿಗೆಯಲ್ಲಿ ಕೀವು ಬಂತು, ಜ್ವರ. ಆರು ದಿನ ಮತ್ತೆ ಆಸ್ಪತ್ರೆ. ಆ 36 ತಿಂಗಳ ಇನ್ಶೂರೆನ್ಸ್ ಆಗ ಕೈಹಿಡಿಯಿತು. ಏನೇನೋ ಕಾಗದ ಕೇಳಿದರು, ಆದರೆ ಕೊಟ್ಟರು.

ಕೊಡದೇ ಇದ್ದದ್ದು ನನ್ನ ಕೆಲಸದ ದಿನಗಳನ್ನು. ಅಕ್ಕನಿಗೆ ಕಂಪನಿಯಲ್ಲಿ 12 ವಾರ ಸಂಬಳದ ರಜೆ ಸಿಕ್ಕಿತು. ಬೇರೆಯವರ ಹೊಟ್ಟೆಯಲ್ಲಿ ಮಗು ಪಡೆದ ತಾಯಿಗೂ ರಜೆ ಕೊಡಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಸೇರಿಸಿದ್ದರು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ 2024ರ ಜೂನ್‌ನಿಂದ ಹೊತ್ತವಳಿಗೂ ಪಡೆದವಳಿಗೂ 180 ದಿನ. ಒಳ್ಳೆಯದೇ. ಆದರೆ ಮನೆಯ ಮೂಲೆಯ ಹೊಲಿಗೆ ಮಿಷನ್‌ಗೆ ಯಾವ ಸಾಹೇಬರು ರಜೆ ಬರೆದುಕೊಡುತ್ತಾರೆ? ಏಳನೇ ತಿಂಗಳಿಂದ ಹೆರಿಗೆ ಆಗಿ ನಾಲ್ಕು ತಿಂಗಳವರೆಗೆ ನನ್ನ ಮಿಷನ್ ನಿಂತಿತ್ತು. ಗಿರಾಕಿಗಳು ಬೇರೆ ಕಡೆ ಹೋದರು, ಅರ್ಧದಷ್ಟು ಜನ ಇನ್ನೂ ವಾಪಸ್ ಬಂದಿಲ್ಲ. ಹೋದ ದುಡಿಮೆಯನ್ನು ತುಂಬಿಕೊಡಬೇಕು ಅಂತ ಸಂಸತ್ತಿನ ಸ್ಥಾಯಿ ಸಮಿತಿ 2017ರಲ್ಲೇ ಹೇಳಿತ್ತಂತೆ, ವಕೀಲರು ಹೇಳಿದರು. ಕಾಯ್ದೆ ಮಾಡುವಾಗ ಆ ದಾರಿ ಬಿಟ್ಟರು. ದುಡ್ಡು ಸೇರಿದರೆ ದಂಧೆ ಆಗುತ್ತದೆ ಅನ್ನುವ ಭಯ. ಬಡ ಹೆಂಗಸರನ್ನು ಸಾಲು ಸಾಲಾಗಿ ಮಲಗಿಸಿ ನಡೆಸಿದ ದಂಧೆಯ ಕಥೆ ಕೇಳಿದರೆ ಆ ಭಯ ಸುಳ್ಳಲ್ಲ ಅನ್ನಿಸುತ್ತದೆ. ಆದರೂ ಡಾಕ್ಟರಿಗೆ ಫೀಸು ಉಂಟು, ವಕೀಲರಿಗೆ ಉಂಟು, ಲ್ಯಾಬಿಗೆ ಉಂಟು. ಹೊತ್ತವಳಿಗೆ ಮಾತ್ರ ಪುಣ್ಯ. ನನಗೆ ಕೂಲಿ ಬೇಡ. ನಿಂತುಹೋದ ಮಿಷನ್ನಿನ ಲೆಕ್ಕ ಕೇಳುವುದು ಕೂಲಿ ಕೇಳಿದ ಹಾಗಾ?

ಆ ತಿಂಗಳುಗಳಲ್ಲೂ 5 ಸಾವಿರ ಹೋಯಿತು. ಒಂದು ತಿಂಗಳು ಕೊಬ್ಬರಿ ಮಾರಿದ್ದರಲ್ಲಿ ಕಟ್ಟಿದೆವು, ಇನ್ನೊಂದು ತಿಂಗಳು ನನ್ನ ಸಂಘದ ಉಳಿತಾಯದಿಂದ. ನಾಮಕರಣದ ದಿನ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನು ಸಾಕು ಬಿಡಮ್ಮ, ನನಗೆ ಮುಜುಗರ ಆಗುತ್ತೆ" ಅಂದರು. "ಇನ್ನು ಸ್ವಲ್ಪ ದಿನ ಮುಜುಗರ ಪಟ್ಟುಕೊಳ್ಳಿ ಭಾವ" ಅಂದೆ. ಅವರು ನಕ್ಕರು.

ಮಗುವಿಗೆ ಈಗ ಒಂದು ವರ್ಷ. ಗೋಡೆ ಹಿಡಿದು ನಡೆಯುತ್ತದೆ. ಮೊದಲ ಹುಟ್ಟುಹಬ್ಬಕ್ಕೆ ಲಂಗ ದಾವಣಿ ಹೊಲಿದುಕೊಂಡು ಹೋಗಿದ್ದೆ, ಅಂಚಿಗೆ ಹಸಿರು ಜರಿ ಇಟ್ಟು. ಎತ್ತಿಕೊಳ್ಳಲು ಕೈ ಚಾಚಿದರೆ ಅಪರಿಚಿತರ ಹಾಗೆ ನೋಡಿ ಅಕ್ಕನ ಸೆರಗಿನ ಹಿಂದೆ ಹೋಯಿತು. ಎಲ್ಲರೂ ಒಂದು ಕ್ಷಣ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿಗೆ ತಾನೇ ಬಂದು ನನ್ನ ಬಳೆ ಎಣಿಸಲು ಕೂತಿತು.

ಈ ಜನವರಿ 5ಕ್ಕೆ 31ನೇ ಕಂತು ಹೋಯಿತು. ಇನ್ನು ಒಂಬತ್ತು ಇದೆ. ದುಡ್ಡು ಹೋದ ಮೆಸೇಜು ಬಂದ ಸ್ವಲ್ಪ ಹೊತ್ತಿಗೆ ಅಕ್ಕನಿಂದ ಮಗುವಿನ ಒಂದು ಫೋಟೊ ಬರುತ್ತದೆ. ರಸೀದಿ ಇದ್ದ ಹಾಗೆ ಅಂತ ನಾವಿಬ್ಬರೂ ನಗುತ್ತೇವೆ. ಈ ಸಲದ್ದರಲ್ಲಿ ಮುಖವೆಲ್ಲ ರಾಗಿ ಸರಿ ಮೆತ್ತಿಕೊಂಡು ಕೂತಿತ್ತು.